ಬಂದವಳನ್ನು ಏನೂ ಕೇಳಬಾರದಂತೆ

ಮಗಳೇ,

ಸತ್ತವಳಿಗೆ ಕಾಗದ ಬರೀತಿದ್ದೀನಿ, ನನಗೆ ಅರಳು ಮರಳು ಅಂದುಕೋ. ನಿನ್ನ ಮಗಳು ಆಸ್ಪತ್ರೆಯಲ್ಲಿ ಇಡೀ ದಿನ ಫೋನು ಎತ್ತಿ, ಜನರ ಕೈಲಿ ಬೈಸಿಕೊಂಡು ಬರ್ತಾಳೆ. ನಿದ್ದೆ ಇಲ್ಲ, ನನ್ನ ಹತ್ತಿರ ಮಾತೂ ಇಲ್ಲ. ನೋಡಿ ನೋಡಿ ನನಗೂ ಸಾಕಾಗಿತ್ತು. ಈಗ ಟೆನ್ಷನ್ ಇಳಿಸೋದು ಹೇಗೆ ಅಂತ ಹೇಳಿಕೊಡೋಕೆ ಒಬ್ಬ ಕೋಚಮ್ಮನನ್ನು ಹಿಡಿದಿದ್ದಾಳೆ. ದಿನದಲ್ಲಿ ಯಾವ ಹೊತ್ತು ಕಷ್ಟ ಅಂತ ಆಯಮ್ಮ ಕೇಳಿದಳಂತೆ. "ಮನೆಗೆ ಬಂದು ಬಾಗಿಲು ತೆಗೆಯೋ ಹೊತ್ತು" ಅಂದಳಂತೆ ಇವಳು. ಒಳಗೆ ಇರೋದು ನಾನೊಬ್ಬಳೇ!

ಅದಕ್ಕೇ ಬಂದವಳು ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಂತೆ, ನಾನು ಏನೂ ಕೇಳಬಾರದಂತೆ.

"ಕೂರೋದಕ್ಕೂ ಟ್ಯೂಷನ್ನಾ?" ಅಂದೆ.

"ಬಾಯಿ ಮುಚ್ಚೋದಕ್ಕೆ ನಿನಗೂ ಒಂದು ಬೇಕು, ಅಜ್ಜಿ."

ಇವತ್ತು ಬಂದಳು, ಚೀಲ ಇಟ್ಟು ಕೂತಳು. ನೀನು ಕೆಲಸದಿಂದ ಬಂದಾಗಲೆಲ್ಲ ಬಾಗಿಲಲ್ಲೇ ಶುರು ಮಾಡ್ತಿದ್ದೆನಲ್ಲ, ಹಾಗೇ ನಲ್ಲಿ ಸೋರುತ್ತಿದೆ ಅನ್ನೋ ಮಾತು ಗಂಟಲಿಗೆ ಬಂದಿತ್ತು, ನುಂಗಿಕೊಂಡೆ. ಆಮೇಲೆ ಅವಳೇ ಶುರು ಮಾಡಿದಳು. ಯಾರು ಬೈದರು, ಯಾರು ನಗಿಸಿದರು, ಎಲ್ಲ ಹೇಳಿದಳು. ಎಷ್ಟು ದಿನದ ಮೇಲೆ ಅವಳ ನಗು ಕೇಳಿದೆ!

ಆಗ ಕೇಳಿದಳು, "ಅಮ್ಮನೂ ಕೆಲಸದಿಂದ ಬಂದು ನಿನ್ನ ಹತ್ತಿರ ಹೀಗೇ ಮಾತಾಡ್ತಿದ್ದಳಾ?"

ಹಾಲು ಉಕ್ಕುತ್ತೆ ಅಂತ ಎದ್ದು ಒಳಗೆ ಹೋದೆ. ಒಲೆ ಹಚ್ಚೇ ಇರಲಿಲ್ಲ.