ನರ್ಮದಕ್ಕನ ಸೀರೆಗಳು

ನಾರಾಯಣಪೇಟೆ,
ಶುಕ್ರವಾರ

ಮಕ್ತಲಿನ ಕಚೇರಿಯಲ್ಲಿ ಕುಳಿತಿರುವ ನನ್ನ ಮುದ್ದು ಯಜಮಾನರಿಗೆ,

ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ, ನಿಮ್ಮನ್ನು ನೆನೆದರೆ ಸಾಕು, ಒಬ್ಬಳೇ ನಗುತ್ತೇನೆ. ಇವತ್ತು ಮಾತ್ರ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿದೆ.

ನೀವು ತಂದುಕೊಟ್ಟ ಮಿಲ್ ಬಟ್ಟೆಯನ್ನು ಎಷ್ಟು ಕುದಿಸಿದರೂ ಗಂಜಿ ಬಿಡುತ್ತಿಲ್ಲ. ಅದರ ಲಂಗೋಟಿ ಕಟ್ಟಿ ಕಟ್ಟಿ ನಮ್ಮ ರಾಘುವಿನ ತೊಡೆಸಂದಿ ಸುಲಿದು ಕೆಂಪಾಗಿದೆ. ಉಚ್ಚೆ ಹೊಯ್ದಾಗಲೆಲ್ಲ ಉರಿ ತಾಳದೆ ಚೀರುತ್ತಾನೆ. ನನ್ನ ಗದ್ವಾಲ ಸೀರೆಗಳೆಲ್ಲ ಹೊಸವು, ಒರಟು. ಅತ್ತೆಯವರವು ಮಡಿಸೀರೆ, ಮುಟ್ಟುವಂತಿಲ್ಲ. ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಗಳಿರುವುದು ನನಗಿಂತ ಮೊದಲು ನಿಮ್ಮ ಕೈಹಿಡಿದು ತೀರಿಕೊಂಡ ನರ್ಮದಕ್ಕನ ಪೆಟ್ಟಿಗೆಯಲ್ಲಿ ಮಾತ್ರ. ಅದರ ಕೀಲಿಯನ್ನು ನೀವು ಜನಿವಾರಕ್ಕೆ ಕಟ್ಟಿಕೊಂಡು ಹೋಗಿದ್ದೀರಿ. ಅದು ಆಕೆಯ ನೆನಪು, ಯಾರೂ ಮುಟ್ಟಬಾರದು ಎಂದಿರಿ. ಆಕೆ ಹೆತ್ತ ಮಗನೂ ಮುಟ್ಟಬಾರದೇ?

ನಿನ್ನೆ ಅತ್ತೆ, "ಸತ್ತಾಕಿ ಸೀರಿ ಮ್ಯಾಲ ಕೂಸು ಉಚ್ಚಿ ಹೊಯ್ಯಬೇಕೇನವ್ವ? ಇಂಗ್ಲಿಷ್ ಸಾಲ್ಯಾಗ ಇದನ್ನ ಕಲಿಸ್ಯಾರೇನು?" ಎಂದರು.

"ನರ್ಮದಕ್ಕ ಇದ್ದಿದ್ರ ಆಕಿ ಮಡಿಲಾಗ ಹೊಯ್ತಿದ್ದ ಅಲ್ರೀ ಅತ್ತಿ?" ಎಂದೆ.

ಅವರು ರಾಘುವಿನ ಲಂಗೋಟಿ ಬಿಚ್ಚಿ ನೋಡಿದರು. ಆಮೇಲೆ, "ಅವಂಗ ಪತ್ರ ಬರಿ" ಎಂದರು.

ಭಾನುವಾರದ ಬಸ್ಸಿಗೆ ಕೀಲಿ ಬರಬೇಕು. ಆಕೆಯ ಮದುವೆ ಸೀರೆಯನ್ನು ನಾನು ಮುಟ್ಟುವುದಿಲ್ಲ. ಉಳಿದವನ್ನು ನಾನೇ ಹರಿದು, ಅಗಸರಿಗೆ ಹಾಕದೆ ನಾನೇ ಬಿಸಿನೀರಿನಲ್ಲಿ ಒಗೆದು ಒಣಗಿಸುತ್ತೇನೆ. ಕೀಲಿ ಬಾರದಿದ್ದರೆ ಸೋಮವಾರ ಕಮ್ಮಾರನನ್ನು ಕರೆಸುತ್ತೇನೆ. ನೀವು ಮುನಿಸಿಕೊಂಡರೆ ರಮಿಸಲು ನಾನಿದ್ದೇನೆ. ಮೊದಲು ರಾಘುವಿಗೆ ನಿದ್ದೆ ಬರಲಿ.

ಸಿಟ್ಟಿನಲ್ಲೂ ನಿಮ್ಮವಳೇ,
ವನಜಾಕ್ಷಿ