ಒಂದು ಸೌಟು ಹಳೇ ಸಾರು

ಭಾನುವಾರ, ೯ ಅಕ್ಟೋಬರ್

ಅಕ್ಕನ ಮಗಳು ಡಾಕ್ಟರಮ್ಮನವರಿಗೆ,

ಈ ಭೂಮಿಯ ಮೇಲೆ ಮೀನಿನ ಸಾರು ಕಂಡುಹಿಡಿದವನು ನಾನು. ನನಗಿಂತ ಮುಂಚೆ ಜನ ಮೀನನ್ನು ಸುಮ್ಮನೆ ನೋಡುತ್ತಾ ಕೂರುತ್ತಿದ್ದರು. ನೀನು ಅಡುಗೆ ಪಾಠ ಹೇಳಲು ಬಂದದ್ದು ಯಾರಿಗೆ ಅನ್ನುವುದು ಮೊದಲು ನಿನಗೆ ಗೊತ್ತಿರಲಿ.

ಕ್ಷೇಮವಾಗಿದ್ದೀಯ ಅಂದುಕೊಂಡಿದ್ದೇನೆ. ಇಲ್ಲದಿದ್ದರೂ ನಿನ್ನ ಬಾಯಿ ಕ್ಷೇಮವಾಗಿಯೇ ಇರುತ್ತದೆ. ಪತ್ರ ತಡವಾಯಿತು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ, ಇಳಿಯಲಿಲ್ಲ. ಫೋನು ಮಾಡಿದರೆ ನೀನೇ ಎತ್ತಿ, "ಅತ್ತೆ ಮಾತಾಡಲ್ವಂತೆ ಮಾವ" ಅನ್ನುತ್ತೀಯ. ಪತ್ರಕ್ಕೆ ಹಾಗೆ ಅಡ್ಡ ಬಾಯಿ ಹಾಕಲು ಬರುವುದಿಲ್ಲವಲ್ಲ, ಅದಕ್ಕೇ ಇದು.

ನನ್ನ ಹೆಂಡತಿಯನ್ನು ವಾಪಸು ಕಳಿಸು.

ಆಸ್ಪತ್ರೆಯಲ್ಲಿ ಕುಳಿತು ಇದು ತಿನ್ನಿ, ಅದು ಬಿಡಿ ಅಂತ ಊರವರ ತಟ್ಟೆಯಿಂದ ಊಟ ಕಿತ್ತುಕೊಳ್ಳುವುದು ನಿನ್ನ ಕೆಲಸ, ಮಾಡಿಕೋ. ನಮ್ಮ ತಟ್ಟೆಗೆ ಯಾಕೆ ಕೈ ಹಾಕಿದೆ? ಬಸ್ ಡಿಪೋ ಮುಂದೆ ನಾನು ಕ್ಯಾಂಟೀನು ತೆರೆದಾಗ ನಿನಗಿನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅವತ್ತಿನಿಂದ ನನ್ನ ಸಾರಿನ ಪಾತ್ರೆ ಪೂರ್ತಿ ಬರಿದಾಗಿದ್ದೇ ಇಲ್ಲ. ನಿನ್ನೆಯ ತಳಕ್ಕೆ ಇವತ್ತಿನ ಮೀನು, ಇವತ್ತಿನ ತಳಕ್ಕೆ ನಾಳೆಯದು. ಡ್ರೈವರುಗಳು ಬೆರಳು ನೆಕ್ಕುವುದು ಆ ತಳದ ರುಚಿಗೇ ಕಣೇ. ಊಟವಾದ ಮೇಲೆ ನಿನ್ನ ಅತ್ತೆಯ ಮುಖ ಕೆಂಪಾಗುತ್ತಿತ್ತು, ತಲೆ ಸಿಡಿಯುತ್ತಿತ್ತು, ಕುತ್ತಿಗೆಯೆಲ್ಲ ಕೆರೆದುಕೊಳ್ಳುತ್ತಿದ್ದಳು, ಸುಳ್ಳು ಹೇಳುವುದಿಲ್ಲ. ತಟ್ಟೆ ತೊಳೆಯುವ ಹೊತ್ತಿಗೆ ಸರಿಯಾಗಿ ಬರುವ ಕಾಯಿಲೆ ಇದು ಅಂತ ನಾನು ರೇಗಿಸುತ್ತಿದ್ದೆ, ಅವಳೂ ನಗುತ್ತಿದ್ದಳು. ನೀನು ಬಂದ ಮೇಲೆ ನಗುವುದು ನಿಂತಿತು.

"ಮಾವ, ಇದು ನಾಟಕ ಅಲ್ಲ. ಹಿಸ್ಟಮಿನ್ ಅಂತ. ಮೀನು ಹಳೇದಾದಷ್ಟೂ ಅದು ಜಾಸ್ತಿ ಆಗುತ್ತೆ. ಅದನ್ನ ಕರಗಿಸೋ ಶಕ್ತಿ ಅತ್ತೆ ಮೈಗೆ ಕಮ್ಮಿ" ಎಂದು ನೀನು ಶುರುಮಾಡಿದೆ.

"ಚೆನ್ನಾಗಿ ಕುದಿಸ್ತೀನಲ್ಲೇ! ನನ್ನ ಒಲೆ ಮುಂದೆ ಅದ್ಯಾವುದು ಉಳಿಯುತ್ತೆ?" ಎಂದು ನಾನು.

"ಕುದಿಸಿದ್ರೆ ಕ್ರಿಮಿ ಸಾಯುತ್ತೆ. ಇದಕ್ಕೆ ಜೀವ ಎಲ್ಲಿದೆ ಸಾಯೋಕೆ? ಒಂದ್ಸಲ ಸೇರ್ಕೊಂಡ್ರೆ ಎಷ್ಟು ಕುದಿಸಿದ್ರೂ ಹೋಗಲ್ಲ ಮಾವ."

ಇದನ್ನು ನನ್ನದೇ ಕ್ಯಾಂಟೀನಿನಲ್ಲಿ, ಗಿರಾಕಿಗಳ ಎದುರು ಹೇಳಿದೆ. ಪಕ್ಕದ ಟೈರ್ ಅಂಗಡಿಯವನು ಹಲ್ಲು ಕಿರಿದ.

ಆಮೇಲೆ ಮನೆಯಲ್ಲಿ ನಿನ್ನದೇ ದರ್ಬಾರು. ಮೀನು ತಂದ ದಿನವೇ ಬೇಯಿಸಬೇಕು. ಉಳಿದದ್ದನ್ನು ತಡಮಾಡದೆ ಸಣ್ಣ ಡಬ್ಬಿಗಳಲ್ಲಿ ಹಾಕಿ ಫ್ರೀಜರಿಗೆ ತಳ್ಳಬೇಕು. ಡಬ್ಬದ ಮೀನು, ವಿನೆಗರು, ಹಳೇ ಚೀಸು ಎಲ್ಲ ಬಂದ್. ಟೊಮೆಟೊ ಕೂಡ! ಪಾಪ, ಟೊಮೆಟೊ ನಿನಗೇನು ಮಾಡಿತ್ತು? ಕೆಲವು ವಾರ ಬಿಟ್ಟು, ಒಂದೊಂದನ್ನೇ ಮತ್ತೆ ತಿಂದು ನೋಡಬೇಕಂತೆ. ಅವಳು ಚಾಚೂ ತಪ್ಪದೆ ಪಾಲಿಸಿದಳು. ತಲೆನೋವು ಹೋಯಿತು, ಗುನುಗಿಕೊಂಡು ಓಡಾಡತೊಡಗಿದಳು. ಅದು ಹವಾ ಬದಲಾದದ್ದಕ್ಕೆ. ಹಳ್ಳಿ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನ ಮಾತ್ರ ಓದಿದವನಿಗೂ ಅಷ್ಟು ತಿಳಿಯುತ್ತದೆ.

ಆ ಶನಿವಾರದ್ದನ್ನು ಅವಳು ನಿನಗೆ ಒಂದಕ್ಕೆರಡು ಸೇರಿಸಿ ಹೇಳಿರುತ್ತಾಳೆ. ನಡೆದದ್ದು ಇಷ್ಟೇ. ನಿನ್ನ ಮಾತು ಬರೀ ಪೊಳ್ಳು ಅಂತ ನಾಲ್ಕು ಜನಕ್ಕೆ ತೋರಿಸಬೇಕಿತ್ತು. ಹಳೇ ಸಾರು ಉಂಡರೆ ಅವಳಿಗೆ ಮೈ ಕೆಟ್ಟೇ ಕೆಡುತ್ತೆ ಅಂತ ಟೈರಿನವನು, ಕೆಡಲ್ಲ ಅಂತ ನಾನು, ಬಾಜಿ ಕಟ್ಟಿದೆವು. ತಾಜಾ ಮೀನು ತಂದು ಹೊಸ ಪಾತ್ರೆಯಲ್ಲೇ ಬೇಯಿಸಿದೆ. ಕೊನೆಗೆ ಒಂದು ಸೌಟು ಹಳೇ ಸಾರು ಬೆರೆಸಿದೆ. ಒಂದೇ ಸೌಟು! ಅದನ್ನೂ ಗೋಂದಿನ ಹಾಗೆ ಗಟ್ಟಿಯಾಗುವ ತನಕ ಬತ್ತಿಸಿಯೇ ಹಾಕಿದ್ದು. ಅಷ್ಟು ಮುತುವರ್ಜಿ ಯಾವ ಗಂಡ ವಹಿಸುತ್ತಾನೆ?

"ಎಲ್ಲಾ ಇವತ್ತಿಂದೇ ತಾನೇ?" ಎಂದು ಕೇಳಿದಳು.

"ಇವತ್ತಿಂದೇ, ಉಣ್ಣು."

ತಟ್ಟೆ ಮುಗಿಯುವ ಮುಂಚೆ ಕೆನ್ನೆ ಕೆಂಡವಾಯಿತು, ಕುತ್ತಿಗೆ ತುಂಬ ದದ್ದು. "ರೀ, ಎದೆ ಹೊಡ್ಕೊಳ್ತಿದೆ. ಎಲ್ಲಾ ತಿರುಗ್ತಿದೆ" ಅಂದಳು. ಟೈರಿನವನು ಬೆಂಚಿನಿಂದ ನೆಗೆದ.

"ತಡಿಯೋ, ಸೆಕೆಗೆ ಹಂಗಾಗಿದೆ. ಐದು ನಿಮಿಷ ನೋಡೋಣ" ಅಂದೆ.

"ಏನಣ್ಣ ನೋಡೋದು? ಅತ್ತಿಗೆ ಬಿದ್ದೋಗ್ತಾರೆ, ಹಿಡ್ಕೊಳ್ಳಿ!" ಎಂದು ಆ ಅಧಿಕಪ್ರಸಂಗಿ ನನ್ನನ್ನೇ ತಳ್ಳಿ, ಅವಳನ್ನು ತನ್ನ ವ್ಯಾನಿಗೆ ಹತ್ತಿಸಿದ.

ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿದರು, ಸಂಜೆಗೆ ಸರಿಹೋದಳು. ಬಾಜಿ ಕಟ್ಟಿದ್ದನ್ನು ಟೈರಿನವನು ದಾರಿಯಲ್ಲೇ ಬಾಯಿಬಿಟ್ಟಿದ್ದ, ಎಷ್ಟು ಅನ್ನುವುದೊಂದು ಬಿಟ್ಟು. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು. "ನನ್ನ ಮೇಲೆ ಎಷ್ಟು ಕಟ್ಟಿದ್ರಿ?"

"ಒಂದು ಟೀ ಕಣೇ. ಬರೀ ತಮಾಷೆಗೆ."

ಮೆಟ್ಟಿಲಿಳಿದು ನಿನ್ನ ಮನೆಗೆ ಬಂದಳು. ಒಂದು ತಮಾಷೆಗೆ ಗಂಡನನ್ನು ಬಿಟ್ಟು ಹೋಗುವ ಬುದ್ಧಿ ಅವಳದಲ್ಲ, ನೀನು ತುಂಬಿದ್ದು.

ಹಳೇ ಪಾತ್ರೆ ಗುಜರಿಗೆ ಹಾಕಿದ್ದೇನೆ. ನೀನು ಹೇಳಿದೆ ಅಂತ ಬೀಗಬೇಡ, ತೂತು ಬಿದ್ದಿತ್ತು. ಸಣ್ಣ ಡಬ್ಬಿಗಳನ್ನು ತಂದಿಟ್ಟಿದ್ದೇನೆ, ಸೋವಿಗೆ ಸಿಕ್ಕವು ಅಂತ.

ನಿನ್ನ ಮನೆಯ ಒಲೆ ಸದಾ ಉರಿಯುತ್ತಿರಲಿ, ನಿನ್ನ ಮಾತು ಕೇಳುವ ಇನ್ನೊಬ್ಬ ಹೆಂಗಸು ನಮ್ಮ ಕುಟುಂಬದಲ್ಲಿ ಹುಟ್ಟದಿರಲಿ.

ಇಂತಿ,
ನಿನ್ನ ಒಬ್ಬನೇ ಸೋದರಮಾವ

ಹೇಳಲು ಬಿಟ್ಟದ್ದು: ನನ್ನ ಕೂಡ ಮಾತಾಡದವಳು ಟೈರಿನವನ ಫೋನು ಎತ್ತುತ್ತಾಳಂತೆ. "ಒಂದು ಟೀಗೆ ನನ್ನ ಜೀವ ಇಟ್ರಲ್ಲ" ಅಂತ ಅವನ ಹತ್ತಿರ ಅತ್ತಳಂತೆ. ಅವಳಿಗೆ ಓದಿ ಹೇಳು. ಟೀಗಾಗಿ ಯಾರೂ ಐದು ನಿಮಿಷ ಕಾಯುವುದಿಲ್ಲ. ನಾನು ಸೋತದ್ದು ನಲವತ್ತು ಸಾವಿರ.