ಕೊನೆಯ ಸಾಲಿನ ಕುರ್ಚಿಯಿಂದ

ಡ್ಯಾನ್‌ವಿಲ್
ಅಕ್ಟೋಬರ್ ೧೮, ೨೦೨೫

ಪ್ರೀತಿಯ ಸುಜಯ್,

'ಸದ್ದು ಮಾಡದವನ ಕೈಗೆ ಊರಿನ ಸದ್ದೆಲ್ಲ...' ಮುಂದೆ 'ಒಲಿಯಿತು' ಎಂದಿತ್ತೋ 'ಒಪ್ಪಿಸಿಕೊಂಡಿತು' ಎಂದಿತ್ತೋ, ನೆನಪಾಗುತ್ತಿಲ್ಲ. ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಸಹಪಾಠಿಯೊಬ್ಬಳು ಹಾಸ್ಟೆಲ್ಲಿನ ಗೋಡೆಪತ್ರಿಕೆಗೆ ಬರೆದಿದ್ದ ಪದ್ಯ. ನಿನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಆ ಸಾಲನ್ನೇ ಹೇಳುತ್ತಿದ್ದೆ. ಗುರುವಾರ ನಿನ್ನ ರಿಹರ್ಸಲ್ ಮುಗಿಸಿಕೊಂಡು ಸ್ಯಾನ್ ಮಟೇಯೊ ಬ್ರಿಡ್ಜಿನ ಮೇಲೆ ಬರುವಾಗ ಮೊದಲ ಸಲ ಅದರ ಮೇಲೆ ಅನುಮಾನ ಬಂತು. ಸದ್ದು ಕೈಗೆ ಒಲಿಯುವುದೇನೋ ಸರಿ. ಅದು ಕೈಯನ್ನು ಬಿಟ್ಟುಹೋದಾಗ ಅವನಿಗೆ ಹೇಳುವವರು ಯಾರು? ಪದ್ಯದಲ್ಲಿ ಅದು ಇರಲಿಲ್ಲ.

ನಿನ್ನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇಲ್ಲ, ವಯಲಿನ್ನುಗಳು ಹಾಡುವವರನ್ನು ಮುಳುಗಿಸುತ್ತಿಲ್ಲ. ಮೂರನೆಯ ಅಂಕದಲ್ಲಿ ನಾಯಕಿ ಪಿಸುಗುಟ್ಟಿದಂತೆ ಹಾಡುವ ಕಡೆಯಲ್ಲೂ ಒಂದೊಂದು ಮಾತೂ ಕೊನೆಯ ಸಾಲಿನವರೆಗೆ ಬರುತ್ತದೆ. ನೀನು ಕೇಳಿದ್ದು ಇಷ್ಟೇ. ಇಲ್ಲಿಗೇ ಸಹಿ ಮಾಡಿ ಕಳಿಸಿಬಿಡೋಣ ಎಂದು ನಿನ್ನೆಯಿಡೀ ಅಂದುಕೊಂಡೆ.

ಆದರೆ ನೀನು ಕೇಳಿದ್ದು ಅಷ್ಟನ್ನೇ ಎಂದು ನನಗೆ ಅನ್ನಿಸುತ್ತಿಲ್ಲ. ಏಳು ವರ್ಷಗಳಿಂದ ಬೇರೆ ಮನೆಯಲ್ಲಿರುವ ಹೆಂಡತಿಗೆ ನೀನು ಫೋನ್ ಮಾಡಿ, "ಮೈಥಿಲಿ, ಒಂದ್ಸಲ ರೆಡ್‌ವುಡ್ ಸಿಟಿಗೆ ಬಂದು ಲಾಸ್ಟ್ ರೋನಲ್ಲಿ ಕೂತ್ಕೋತೀಯಾ? ಬ್ಯಾಲೆನ್ಸು ಹೆಂಗಿದೆ ಅಷ್ಟೇ ಹೇಳು ಸಾಕು" ಎಂದೆ. ಆ ಕೆಲಸಕ್ಕೆ ನಿನಗೀಗ ಅಸಿಸ್ಟೆಂಟ್ ಇದ್ದಾನೆ. ಮೊದಲು ಅದು ನನ್ನ ಕೆಲಸವಾಗಿತ್ತು. ಚರ್ಚುಗಳ ಹಾಲ್‌ಗಳಲ್ಲಿ, ಸ್ಕೂಲಿನ ಜಿಮ್ಮುಗಳಲ್ಲಿ ನೀನು ಆಪೆರಾ ನಡೆಸುತ್ತಿದ್ದ ಕಾಲದಲ್ಲಿ ನಾನು ಹಿಂದೆ ಸ್ವೆಟರ್ ಹೊದ್ದು ಕೂತು, ಹಾಡು ಕೇಳಿಸದಿದ್ದರೆ ಕೈಯೆತ್ತುತ್ತಿದ್ದೆ. ತಿರುಗಿ ನೋಡದೆಯೇ ನಿನಗೆ ಹೇಗೋ ಗೊತ್ತಾಗುತ್ತಿತ್ತು.

ನಿನ್ನ ತಾತ ದ್ವಾರಕಾನಾಥ ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಬ್ಯಾಂಡ್‌ಮಾಸ್ಟರನ ಕಡ್ಡಿ ಮೇಲೆದ್ದ ಕೂಡಲೇ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದರಂತೆ. ತಾತ ಹೇಳಿದ ಆ ಕಥೆಯ ಬೆನ್ನು ಹತ್ತಿಯೇ ನೀನು ಇಲ್ಲಿಗೆ ಓದಲು ಬಂದವನು ಎಂಜಿನಿಯರಿಂಗ್ ಬಿಟ್ಟೆ. "ಕಡ್ಡಿ ಆಡ್ಸೋದಕ್ಕೆ ಯಾರಾದ್ರೂ ಎಂಎಸ್ಸು ಬಿಡ್ತಾರೇನೋ, ಪೆದ್ದ?" ಎಂದು ಮಾವ ಫೋನಿನಲ್ಲಿ ಕೂಗಿದ್ದು ಪಕ್ಕದ ಕೋಣೆಯಲ್ಲಿದ್ದ ನನಗೂ ಕೇಳಿಸಿತ್ತು. ನೀನು ಹಾಡುವವರಿಗೆ ಪಿಯಾನೊ ನುಡಿಸುತ್ತ ಪಾಠ ಹೇಳಿಕೊಟ್ಟೆ. ದೊಡ್ಡ ಕಂಡಕ್ಟರ್ ಒಬ್ಬರಿಗೆ ಜ್ವರ ಬಂದ ಸಂಜೆ ಅವರ ಕೋಟು ತೊಟ್ಟು, ಕಡ್ಡಿ ಹಿಡಿದು ಆರ್ಕೆಸ್ಟ್ರಾದ ಮುಂದೆ ನಿಂತೆ. ತೋಳು ಉದ್ದವಾಗಿತ್ತು, ಪಿನ್ನು ಹಾಕಿದ್ದು ನಾನು. ಆಮೇಲೆ ನೀನು ಊರೂರು ತಿರುಗಿದೆ. ನಾವು ಬೇರೆಯಾಗಲು ಜಗಳವೇನೂ ಬೇಕಾಗಲಿಲ್ಲ. ನೀನು ವಿಮಾನದಲ್ಲಿದ್ದೆ, ನಾನು ಮನೆಯಲ್ಲಿದ್ದೆ, ಅದೇ ಅಭ್ಯಾಸವಾಯಿತು.

ಗುರುವಾರ ಕಂಡದ್ದನ್ನು ಈಗ ಬರೆಯಬೇಕು.

ಸುಜಯ್, ಅವರು ನಿನ್ನನ್ನು ನೋಡುತ್ತಿಲ್ಲ. ನಿನ್ನ ಬಲಗೈ ತಡವಾಗಿದೆ. ಒಂದು ಕೂದಲೆಳೆಯಷ್ಟು ತಡ, ಆದರೆ ಪ್ರತಿಸಲವೂ ತಡ. ವೇದಿಕೆಯ ಕೆಳಗೆ ಕೂತ ವಾದ್ಯದವರೆಲ್ಲ ಮೊದಲ ವಯಲಿನ್ನಿನ ಅಕ್ಷಯಾಳ ಭುಜವನ್ನು ನೋಡುತ್ತಾರೆ. ಅವಳು ಭುಜ ಎತ್ತಿ ಇಳಿಸಿದಾಗ ಶುರುಮಾಡುತ್ತಾರೆ; ನಿನ್ನ ಕಡ್ಡಿ ಆಮೇಲೆ ಬಂದು ಸೇರುತ್ತದೆ. ಸಂಗೀತ ಎಷ್ಟು ಚೆನ್ನಾಗಿತ್ತೆಂದರೆ ಕಣ್ಣು ಮುಚ್ಚಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಬಿಡುವಿನಲ್ಲಿ ನೀನು ನೀರಿನ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಜೇಬಿನಿಂದ ತೆಗೆಯದೆ ನಿಂತಿದ್ದನ್ನೂ ನೋಡಿದೆ.

ಪಾರ್ಕಿಂಗ್ ಲಾಟಿನಲ್ಲಿ ಅಕ್ಷಯಾ ನನ್ನ ಹಿಂದೆ ಓಡಿಬಂದಳು. ಫ್ರೀಮಾಂಟಿನಲ್ಲಿ ಹುಟ್ಟಿ ಬೆಳೆದ ಆ ಹುಡುಗಿಯನ್ನು ಆರಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದವನು ನೀನೇ. "ಆಂಟಿ, ಪ್ಲೀಸ್, ಅವರಿಗೆ ಹೇಳ್ಬೇಡಿ. ವೀವ್ ಗಾಟ್ ಹಿಮ್, ನಾವೆಲ್ಲ ನೋಡ್ಕೋತೀವಿ. ಎವ್ರಿಬಡಿ ಲವ್ಸ್ ಹಿಮ್" ಎಂದು ನನ್ನ ಕೈ ಹಿಡಿದುಕೊಂಡಳು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. "ಸಮ್ಮರ್‌ನಿಂದ" ಎಂದಳು. ಒಂದು ಇಡೀ ಆರ್ಕೆಸ್ಟ್ರಾ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬ ಮನುಷ್ಯನ ಮರ್ಯಾದೆ ಕಾಯುತ್ತಿದೆ. ಅಲ್ಲಿಗೆ ನಾನೂ ಸುಮ್ಮನಿರಲು ಒಪ್ಪಿಕೊಂಡಿದ್ದೆ.

ಕಾರಿನ ಕೀಲಿ ಕುರ್ಚಿಯ ಮೇಲೆ ಬಿಟ್ಟಿದ್ದೆನೆಂದು ಒಳಗೆ ಹೋದಾಗ ರೆಸ್ಟ್‌ರೂಮಿನಲ್ಲಿ ಮಾರಿಸೋಲ್ ಅಳುತ್ತಿದ್ದಳು. ನಿನ್ನ ನಾಯಕಿ. ಅವಳಿಗಿದು ಮೊದಲ ದೊಡ್ಡ ಪಾತ್ರ. ಮೂರನೆಯ ಅಂಕದಲ್ಲಿ ಅವಳು ಎರಡು ಸಲ ತಡವಾಗಿ ಹಾಡು ಎತ್ತಿಕೊಂಡಳಲ್ಲ? "ಸಾರಿ ಮಾಯೆಸ್ಟ್ರೋ, ತಪ್ಪು ನನ್ನದು" ಎಂದಳು. "ಪರ್ವಾಗಿಲ್ಲ, ಉಸಿರು ತಗೋ, ಇನ್ನೊಂದ್ಸಲ" ಎಂದು ನೀನು ಇಂಗ್ಲಿಷಿನಲ್ಲಿ ಎಷ್ಟು ಮೃದುವಾಗಿ ಹೇಳಿದೆ! ನಿಜವಾಗಿಯೂ ಕ್ಷಮಿಸಿದೆ. ಆದರೆ ವೇದಿಕೆಯ ಮೇಲೆ ನಿಂತವಳಿಗೆ ಕೆಳಗಿರುವ ಅಕ್ಷಯಾಳ ಭುಜ ಕಾಣುವುದಿಲ್ಲ. ಅವಳಿಗೆ ಕಾಣುವುದು ನೀನೊಬ್ಬನೇ. ನಿನ್ನನ್ನು ನಂಬಿ ಹಾಡಿದ್ದಕ್ಕೇ ಅವಳು ತಪ್ಪಿದಳು. ತನಗೆ ತಾಳವೇ ಇಲ್ಲ, ಈ ಪಾತ್ರ ಬಿಟ್ಟುಬಿಡುತ್ತೇನೆ ಎಂದು ಗುರುತಿಲ್ಲದ ನನ್ನ ಮುಂದೆ ಬಿಕ್ಕಿದಳು. ಪೇಪರ್ ಟವೆಲ್ ಕೊಟ್ಟು, ಕೀಲಿ ಎತ್ತಿಕೊಂಡು ಬಂದೆ.

ಅದಕ್ಕೆ ಬರೆಯುತ್ತಿದ್ದೇನೆ. ಮುಂದಿನ ವಾರ ನೀನು ಇನ್ನೂ ಮೂರು ವರ್ಷದ ಕಾಂಟ್ರ್ಯಾಕ್ಟಿಗೆ ಸಹಿ ಮಾಡುತ್ತೀಯಂತೆ. ಬೇಡ. ಮೊದಲು ಡಾಕ್ಟರ ಹತ್ತಿರ ಹೋಗು. ಕಡ್ಡಿಯನ್ನು ಈ ಸಲ ಅಸಿಸ್ಟೆಂಟಿಗೆ ಕೊಡು. ಕೈಗೆ ಬಂದಿರುವುದು ಏನೋ ನನಗೆ ಗೊತ್ತಿಲ್ಲ. ಕಿವಿಗೆ ಏನೂ ಆಗಿಲ್ಲ, ಹಾಡುವವರನ್ನು ಬೆಳೆಸುವುದು ನಿನಗೆ ಈಗಲೂ ಗೊತ್ತು. ಇದ್ಯಾವುದನ್ನೂ ಕೇಳದಿದ್ದರೂ ಒಂದನ್ನು ಮಾತ್ರ ಮಾಡು. ಮಂಗಳವಾರದ ರಿಹರ್ಸಲ್‌ಗೆ ಮುಂಚೆ ಮಾರಿಸೋಲ್‌ಳನ್ನು ಕರೆದು, ತಪ್ಪು ಅವಳದಲ್ಲ ಎಂದು ಹೇಳು. ಎಲ್ಲರ ಎದುರಿಗೆ ಹೇಳು.

ಅಕ್ಷಯಾಳ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಇದಕ್ಕೆ ಉತ್ತರ ಬರೆಯುವುದೂ ಬೇಡ. ನಾನು ಪ್ರದರ್ಶನಕ್ಕೆ ಬರುವುದಿಲ್ಲ. ನನ್ನಿಂದ ನಿನಗೆ ಇನ್ನೇನೂ ತೊಂದರೆಯಿಲ್ಲ. ನಿನಗೆ ಕೇಳಿಸದ್ದನ್ನು ಹೇಳುವುದು ನನ್ನ ಕೆಲಸವಾಗಿತ್ತು, ಹೇಳಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಮೈಥಿಲಿ

ಮತ್ತೆ ಸೇರಿಸಿದ್ದು: ಇದನ್ನು ಪೋಸ್ಟಿಗೆ ಹಾಕಲು ಹೊರಟು ಬಾಗಿಲು ತೆಗೆದರೆ ಪಕ್ಕದ ಮನೆಯ ಹುಚ್ಚಮ್ಮ ನಿಂತಿದ್ದರು. ಮಂಡ್ಯದವರು, ಮಗಳ ಜೊತೆ ಇದ್ದಾರೆ. ಬ್ಯಾಕ್‌ಯಾರ್ಡಿನ ಹೀರೇಕಾಯಿ ತಂದಿದ್ದರು. ಕೈಯಲ್ಲಿದ್ದ ಕವರನ್ನೂ ನನ್ನ ಮುಖವನ್ನೂ ನೋಡಿ, ಯಾರಿಗೆ ಎಂದರು. ಹೇಳಿದೆ. ಯಾಕೆಂದೂ ಹೇಳಿಬಿಟ್ಟೆ, ನಿನ್ನೆಯಿಂದ ಯಾರ ಹತ್ತಿರವೂ ಮಾತಾಡಿರಲಿಲ್ಲ. ಒಳಗೆ ಬಂದು, ಕವರು ಬಿಚ್ಚಿ, ಈ ನಾಲ್ಕು ಸಾಲು ಸೇರಿಸುತ್ತಿದ್ದೇನೆ. ನೀನು ಇದನ್ನು ಓದುವಾಗ ನಾನು ನಿನ್ನ ಎದುರಿಗೇ ಇರುತ್ತೇನೆ. ಬಾಗಿಲಲ್ಲಿ ಅವರು ಅಂದದ್ದು ಇಷ್ಟು: "ಅಯ್ಯೋ ನಿನ್ನ, ಬ್ರಿಡ್ಜ್ ದಾಟುದ್ರೆ ಸಿಗೋ ಗಂಡಂಗೆ ಸ್ಟಾಂಪ್ ಯಾಕವ್ವ ಅಂಟುಸ್ದೆ? ಇಂಥಾದ್ನ ಓದೋವಾಗ ಆವಯ್ಯ ಒಬ್ನೇ ಕೂತಿರ್ಬೇಕಾ? ನಡಿ, ಕಾರ್ ತಗಿ. ನೀನು ಬರೋದು ತಡ ಆದ್ರೆ ಗಿಡಕ್ಕೆ ನಾನ್ ನೀರಾಕ್ತೀನಿ."